ಕೇಬಲ್ ಹೂಳಬೇಡಿ, ದಾರಿ ಬಿಡಿ

ಅಗೆತದ ಬಗ್ಗೆ ತುಮಕೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2016ರಲ್ಲಿ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ವರ್ಷಗಟ್ಟಲೆ ನೋಡಿದ್ದೇ ಅದು. ಇವತ್ತು ನೀರಿನ ಪೈಪಿಗೆ, ನಾಳೆ ಒಳಚರಂಡಿಗೆ, ನಾಡಿದ್ದು ಕೇಬಲ್ಲಿಗೆ. ಟಾರು ಹಾಕೋಕೆ ಮುಂಚೆ ಒಂದು ಡಕ್ಟ್ ಬಿಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು ಅಂತ ಟೀ ಅಂಗಡಿ ಮುಂದೆ ನಿಂತು ಬೈಯದವರು ಯಾರಿದ್ದಾರೆ?

ಬೈದದ್ದು ಸರಿಯೇ. ಆದರೆ ಅದೇ ನಾವು ಇಪ್ಪತ್ತು ವರ್ಷದ ಸಾಲ ಮಾಡಿ ಎಸ್‌ಐಟಿ ಬಡಾವಣೆಯಲ್ಲೋ ಕ್ಯಾತ್ಸಂದ್ರದಲ್ಲೋ ಮನೆ ಕಟ್ಟಿ, ಮಹಡಿ ಮೇಲೆ ಹೋಂ ಥಿಯೇಟರ್ ಮಾಡಿಸುವಾಗ ಏನು ಮಾಡುತ್ತೇವೆ? ಗೋಡೆ ಕೊರೆದು ಎಚ್‌ಡಿಎಂಐ ಕೇಬಲ್ ಮಲಗಿಸಿ, ಮೇಲೆ ಸಿಮೆಂಟ್ ಮೆತ್ತಿ, ಪುಟ್ಟಿ ಎಳೆದು, ಬಣ್ಣ ಹೊಡೆಸಿ, "ಒಂದು ವೈರೂ ಕಾಣಲ್ಲ ನೋಡಿ" ಅಂತ ಗೃಹಪ್ರವೇಶಕ್ಕೆ ಬಂದವರಿಗೆಲ್ಲ ತೋರಿಸುತ್ತೇವೆ. ಕಾಣದ ಹಾಗೆ ಮಾಡುವುದೇ ಬೇರೆ, ಕೈಗೇ ಸಿಗದ ಹಾಗೆ ಮಾಡುವುದೇ ಬೇರೆ. ಈ ವ್ಯತ್ಯಾಸ ತಿಳಿಯೋದು ಐದು ವರ್ಷ ಆದಮೇಲೆ, ಹೊಸ ಪ್ರೊಜೆಕ್ಟರ್ ತಂದು ಹಳೇ ಕೇಬಲ್ಲಿಗೆ ಸಿಕ್ಕಿಸಿದಾಗ ಪರದೆ ಮಿಣಮಿಣ ಅಂದು ಕಪ್ಪಾದ ದಿನ.

ಎಚ್‌ಡಿಎಂಐನ ಜಾತಕ ಸ್ವಲ್ಪ ನೋಡಿ. 2002ರ ಕೊನೆಯಲ್ಲಿ ಹುಟ್ಟಿದಾಗ ಸೆಕೆಂಡಿಗೆ 5 ಗಿಗಾಬಿಟ್ಟೂ ಇರಲಿಲ್ಲ. 2006ರಲ್ಲಿ 10.2 ಆಯಿತು. 2013ರಲ್ಲಿ 18, 2017ರಲ್ಲಿ 48, 2025ರಲ್ಲಿ 96. ಇಷ್ಟೆಲ್ಲ ಆದರೂ ಮೂತಿ ಮಾತ್ರ ಬದಲಾಗಿಲ್ಲ, ಹಳೇದು ಹೊಸದಕ್ಕೆ ಸಲೀಸಾಗಿ ಕೂರುತ್ತೆ. ಮೋಸ ಹೋಗೋದು ಅಲ್ಲೇ. ನಿಮ್ಮ ಸಾಲದ ಕಂತು ಮುಗಿಯುವಷ್ಟರಲ್ಲಿ ಕೇಬಲ್ಲು ಮೂರು ನಾಲ್ಕು ತಲೆಮಾರು ದಾಟಿರುತ್ತೆ. ಗೋಡೆಗೆ ಐವತ್ತು ವರ್ಷ ಆಯುಸ್ಸು, ಕೇಬಲ್ಲಿಗೆ ಏಳೆಂಟು. ಇವೆರಡನ್ನೂ ಒಂದೇ ಗಾರೆಯಲ್ಲಿ ಕಟ್ಟಿಹಾಕೋದು ಯಾವ ಸೀಮೆ ಇಂಟೀರಿಯರ್ ಡಿಸೈನ್ ಸ್ವಾಮಿ?

ಥಿಯೇಟರ್ ಅಂದರೇನು ಅಂತ ನಮ್ಮ ಜಿಲ್ಲೆಗೆ ಹೊರಗಿನವರು ಬಂದು ಹೇಳಬೇಕಾ? 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ಗುಬ್ಬಿ. ಕಂಪನಿ ನಾಟಕದಲ್ಲಿ ಅರಮನೆ, ಕಾಡು, ಬೀದಿ ಎಲ್ಲವೂ ಪರದೆಯ ಮೇಲೆ. ಹಗ್ಗ ಎಳೆದರೆ ಒಂದು ಮೇಲೆ ಹೋಗುತ್ತೆ, ಇನ್ನೊಂದು ಇಳಿಯುತ್ತೆ. ಬದಲಾಗಬೇಕಾದ್ದನ್ನು ಹಗ್ಗಕ್ಕೆ ಕಟ್ಟಿದರೇ ಹೊರತು ಗೋಡೆಗೆ ಮೆತ್ತಲಿಲ್ಲ. ಗುಬ್ಬಿ, ಕುಣಿಗಲ್ ಕಡೆಯ ಹಳೇ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಓಡಿಸಿದ ವೈರಿಂಗ್ ನೋಡಿ ನಾವು ನಗುತ್ತೇವೆ. ಚೆಂದ ಇಲ್ಲದಿರಬಹುದು. ಆದರೆ ಅದನ್ನು ಒಂದು ಸ್ಟೂಲು, ಒಂದು ಸ್ಕ್ರೂ ಡ್ರೈವರ್ ಇಟ್ಟುಕೊಂಡು ಬದಲಾಯಿಸಬಹುದು. ನಮ್ಮದಕ್ಕೆ ಡ್ರಿಲ್ಲಿಂಗ್ ಮೆಷಿನ್ ಬೇಕು.

ಆಗಲೇ ಮುಗಿದ ರೂಮಿಗೆ ಏನು ಮಾಡೋದು? ಮೊದಲು, ಕೇಬಲ್ ಬದಲಾಯಿಸಲೇಬೇಕಾ ಅಂತ ಕೇಳಿಕೊಳ್ಳಿ. "8ಕೆ ರೆಡಿ ಹಾಕ್ಸಿಬಿಡಿ ಸರ್" ಅನ್ನುವವರು ನಿಮ್ಮ ಅಗತ್ಯ ಕೇಳಿರುವುದಿಲ್ಲ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಎಚ್‌ಡಿಆರ್ ಸಮೇತ 4ಕೆ ಸಿನಿಮಾ 18 ಗಿಗಾಬಿಟ್ಟಿನ ಕೇಬಲ್ಲಿನಲ್ಲಿ ಆರಾಮಾಗಿ ಹೋಗುತ್ತೆ. 48 ಬೇಕಾಗೋದು ಸೆಕೆಂಡಿಗೆ 120 ಚಿತ್ರದ 4ಕೆ ಗೇಮ್ ಆಡುವವರಿಗೆ. ನೀವು ಆಡ್ತೀರಾದರೆ ಸರಿ, ಹಾಕಿಸಿ. ಶನಿವಾರ ರಾತ್ರಿ ಒಂದು ಸಿನಿಮಾ ನೋಡೋಕೆ ಗೋಡೆ ಒಡೆಯಬೇಡಿ. ಬರೀ ಓಟಿಟಿ ನೋಡುವವರು ಸ್ಟಿಕ್ಕನ್ನು ಪ್ರೊಜೆಕ್ಟರಿಗೇ ಸಿಕ್ಕಿಸಿ, ಧ್ವನಿಯನ್ನು ಮಾತ್ರ ಕೆಳಗೆ ತಂದರೂ ಆಯಿತು.

ಬೇಕೇ ಬೇಕು ಅಂತಾದರೆ ಉದ್ದ ಅಳೆಯಿರಿ. ಮುಂದಿನ ರ್‍ಯಾಕಿನಿಂದ ಗೋಡೆ ಹತ್ತಿ, ಸೀಲಿಂಗ್ ದಾಟಿ ಹಿಂದಿನ ಪ್ರೊಜೆಕ್ಟರಿಗೆ ಹೋಗುವಷ್ಟರಲ್ಲಿ ಹತ್ತು ಮೀಟರ್ ಆಗಿರುತ್ತೆ. ಬರೀ ತಾಮ್ರದ ಕೇಬಲ್ 48 ಗಿಗಾಬಿಟ್ಟನ್ನು ಹೆಚ್ಚೆಂದರೆ ಐದು ಮೀಟರ್ ಹೊತ್ತೀತು. ಅದಕ್ಕಿಂತ ಉದ್ದ ಇದ್ದರೆ ಆಪ್ಟಿಕಲ್ ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕಿದೆ, ಒಂದು ತುದಿ ಪ್ಲೇಯರಿಗೆ, ಇನ್ನೊಂದು ಪ್ರೊಜೆಕ್ಟರಿಗೆ. ತಿರುಗಾಮುರುಗಾ ಎಳೆದರೆ ಚಿತ್ರ ಬರಲ್ಲ. ಗೋಡೆಗೆ ಸೇರಿಸುವ ಮೊದಲು ನೆಲದ ಮೇಲೆ ಹಾಸಿ ಒಂದು ದಿನ ಓಡಿಸಿ ನೋಡಿ.

ಹಳೇ ಕೇಬಲ್ ಪೈಪಿನೊಳಗಿದ್ದು ಎಳೆದರೆ ಅಲ್ಲಾಡುತ್ತಾ? ಪುಣ್ಯವಂತರು ನೀವು. ಅದರ ಬಾಲಕ್ಕೆ ಹೊಸದನ್ನೂ ಒಂದು ನೈಲಾನ್ ದಾರವನ್ನೂ ಕಟ್ಟಿ ಎಳೆಯಿರಿ, ದಾರ ಒಳಗೇ ಇರಲಿ. ಆದರೆ ಎಚ್‌ಡಿಎಂಐ ಮೂತಿಯ ಲೋಹವೇ 14 ಮಿ.ಮೀ. ಅಗಲ, ಪ್ಲಾಸ್ಟಿಕ್ ಸೇರಿದರೆ 20ರ ಹತ್ತಿರ. ಮುಕ್ಕಾಲು ಇಂಚಿನ ಪೈಪಿನ ಮೊಣಕೈ ಬೆಂಡಿನಲ್ಲಿ ಅದು ಸಿಕ್ಕಿಬೀಳುತ್ತೆ. ಅಂಥ ಕಡೆ ತಲೆ ಬಿಚ್ಚಿ ಸೇರಿಸುವಂಥ ಆಪ್ಟಿಕಲ್ ಕೇಬಲ್ ಸಿಗುತ್ತೆ, ಅದನ್ನೇ ಹಾಕಿ. ಸಿಮೆಂಟಿನಲ್ಲೇ ಹೂತಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ. ಫಾಲ್ಸ್ ಸೀಲಿಂಗಿನ ಲೈಟು ಬಿಚ್ಚಿ ಆ ತೂತಿನಿಂದ ಮೇಲೆ ಓಡಿಸಿ, ಗೋಡೆಯ ಮೂಲೆಯಲ್ಲಿ ಬಣ್ಣಕ್ಕೆ ಹೊಂದುವ ಮುಚ್ಚಳದ ಪಟ್ಟಿ ಹೊಡೆಸಿ. ಲೈಟ್ ಆರಿಸಿದ ರೂಮಿನಲ್ಲಿ ಆ ಪಟ್ಟಿ ಯಾರಿಗೆ ಕಾಣುತ್ತೆ?

"ಇನ್ನೇನು ಎಲ್ಲಾ ವೈರ್‌ಲೆಸ್ ಆಗುತ್ತೆ ಬಿಡಿ" ಅನ್ನುವವರೂ ಇದ್ದಾರೆ. ಆಗಲಿ. ಆಗ ಖಾಲಿ ಪೈಪಿನಿಂದ ನಷ್ಟವಾಗೋದು ಕೆಲವು ನೂರು ರೂಪಾಯಿ. ಆಗದೇ ಹೋದರೆ, ಪೈಪಿಲ್ಲದ ಗೋಡೆಯಿಂದ ನಷ್ಟವಾಗೋದು ಪುಟ್ಟಿ, ಬಣ್ಣ, ಮನೆ ತುಂಬ ಧೂಳು, ಆ ಧೂಳಿನಲ್ಲಿ ವಾರಗಟ್ಟಲೆ ಕೆಮ್ಮುವ ಅಪ್ಪ ಅಮ್ಮ. ನಾವೇನೋ ಬೆಳಗ್ಗೆ ಬೆಂಗಳೂರಿನ ರೈಲು ಹತ್ತಿ ಹೋಗಿಬಿಡ್ತೀವಿ, ಮನೆಯಲ್ಲಿ ಇರೋರು ಅವರು. ಸಾಲದ್ದಕ್ಕೆ ಕೊನೆಗೆ ಬೈಸಿಕೊಳ್ಳೋದು ಎಲೆಕ್ಟ್ರಿಷಿಯನ್ನು. ಪೈಪು ಹಾಕ್ಲಾ ಅಂತ ಅವನು ಕೇಳಿದ ದಿನ "ಬೇಡ, ದಪ್ಪ ಆಗುತ್ತೆ" ಅಂದವರು ಯಾರು?

ಈಗ ಮನೆ ಕಟ್ಟಿಸುತ್ತಿರುವವರಿಗೆ ಒಂದೇ ಮಾತು. ಕರೆಂಟಿನ ಪೈಪಿನಿಂದ ದೂರ, ಕಡಿಮೆಯೆಂದರೆ ಒಂದೂಕಾಲು ಇಂಚಿನ ಪೈಪು, ಅಗಲವಾದ ಬೆಂಡು, ಒಳಗೊಂದು ದಾರ. ಇಷ್ಟು ಆಗುವವರೆಗೆ ಪ್ಲಾಸ್ಟರಿಂಗ್ ಮಾಡಿಸಬೇಡಿ. ನಿಮ್ಮ ಗೋಡೆಯೊಳಗೆ ಒಂದು ಡಕ್ಟ್ ಬಿಡಿ, ಆಮೇಲೆ ರಸ್ತೆ ಅಗೆಯುವವರನ್ನು ಮನಸಾರೆ ಬೈಯಿರಿ.