ಫೋಟೊ ತಿದ್ದಲು ಕಲಿಯಿರಿ, ಅಕ್ಷರ ಒಡೆಯದಂತೆ ಕಲಿಯಿರಿ



ನವೆಂಬರ್ ತಿಂಗಳಲ್ಲಿ ನಿಮ್ಮ ಬಡಾವಣೆಯ ಸರ್ಕಲ್ಲಿನಲ್ಲಿ ನಿಂತು ಒಂದು ರಾಜ್ಯೋತ್ಸವದ ಬ್ಯಾನರನ್ನು ಕಣ್ಣಿಟ್ಟು ನೋಡಿ. ತಾಯಿ ಭುವನೇಶ್ವರಿಯ ಚಿತ್ರವಿದೆ, ಬಾವುಟವಿದೆ, ಮುಖಂಡರ ಸಾಲು ಸಾಲು ಮುಖಗಳಿವೆ. ಆದರೆ 'ರಾಜ್ಯೋತ್ಸವ' ಎಂಬ ಪದ 'ರಾಜ್‌ಯೋತ್‌ಸವ' ಆಗಿ ಕಾಲು ಮುರಿದುಕೊಂಡು ನಿಂತಿದೆ. ಮುಖಂಡರ ಮುಖ ಅಡ್ಡಕ್ಕೆ ಎಳೆದು ರೊಟ್ಟಿಯಾಗಿದೆ. ಬಾವುಟದ ಹಳದಿ ಬಣ್ಣ ಹಳೇ ಅರಿಶಿನದ ಕಲೆಯಂತೆ ಮಾಸಿದೆ. ಹಬ್ಬ ಕನ್ನಡದ್ದು, ದುಡ್ಡು ಕನ್ನಡಿಗನದು, ಅಕ್ಷರದ ಕೊಲೆಯೂ ಕನ್ನಡಿಗನ ಕೈಯಿಂದಲೇ!

ಇದಕ್ಕೆ ಯಾರನ್ನು ಬೈಯುತ್ತೀರಿ? ದೆಹಲಿಯವರನ್ನೇ? ನೆರೆರಾಜ್ಯದವರನ್ನೇ? ಇದನ್ನು ಮಾಡಿದವನು ನಮ್ಮ ಬೀದಿಯ ಡಿಟಿಪಿ ಅಂಗಡಿಯಲ್ಲಿ ಕೂತ ನಮ್ಮದೇ ಹುಡುಗ. ಅವನನ್ನು ಬೈದೂ ಪ್ರಯೋಜನವಿಲ್ಲ. ಮಾಲೀಕ ಅವನ ಕೈಗೆ ಮೌಸ್ ಕೊಟ್ಟ, ನಾಲ್ಕು ಗುಂಡಿ ತೋರಿಸಿದ, ಸಂಜೆಯೊಳಗೆ ಹತ್ತು ಕೆಲಸ ಮುಗಿಸು ಅಂದ. ಯಾವ ಗುಂಡಿ ಏಕೆ ಒತ್ತಬೇಕು ಎಂದು ಅವನಿಗೆ ಅವನ ಭಾಷೆಯಲ್ಲಿ ಹೇಳಿಕೊಟ್ಟವರು ಯಾರೂ ಇಲ್ಲ.

ಆದ್ದರಿಂದ ಈ ಸಲದ ಸಂಪಾದಕೀಯದಲ್ಲಿ ಘೋಷಣೆಯಿಲ್ಲ, ಪಾಠವಿದೆ. ಫೋಟೊ ತಿದ್ದುವ ತಂತ್ರಾಂಶವನ್ನು ಮೊದಲ ಸಲ ತೆರೆಯುವ ಹುಡುಗ ಹುಡುಗಿಯರು ಮೊದಲು ತಿಳಿಯಬೇಕಾದ್ದು ಆರೇ ಸಂಗತಿ. ಆ ಆರನ್ನು ಕನ್ನಡದಲ್ಲಿ ಹೇಳಬಹುದು, ಕನ್ನಡದಲ್ಲೇ ಕಲಿಯಬಹುದು.

ಮೊದಲು ಹೆದರಿಕೆ ಬಿಡಿ. ಪರದೆಯ ತುಂಬ ಇಂಗ್ಲಿಷ್ ಮೆನು ನೋಡಿ 'ಇದು ಕಾನ್ವೆಂಟಿನವರ ವಿದ್ಯೆ' ಎಂದು ಎದ್ದು ಹೋಗುವವರು ನಮ್ಮಲ್ಲಿ ಬಹಳ. ಈ ವಿದ್ಯೆ ಎಲ್ಲಿಂದ ಬಂತು ಗೊತ್ತೇ? ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು ಫೋಟೊಶಾಪ್ ಬರೆದರು. ೧೯೯೦ರ ಫೆಬ್ರವರಿಯಲ್ಲಿ ಅದರ ಮೊದಲ ಆವೃತ್ತಿ ಮಾರುಕಟ್ಟೆಗೆ ಬಂತು. ಅವರ ತಂದೆ ಮನೆಯಲ್ಲೇ ಫೋಟೊ ತೊಳೆಯುವ ಕತ್ತಲೆ ಕೋಣೆ ಇಟ್ಟುಕೊಂಡಿದ್ದವರು. ಮಕ್ಕಳು ಕಂಪ್ಯೂಟರಿಗೆ ತಂದದ್ದು ಆ ಕತ್ತಲೆ ಕೋಣೆಯ ಕಸುಬನ್ನೇ. ಕಾಗದದ ಮೇಲೆ ಬೆಳಕು ಬೀಳುವಾಗ ಕೈ ಅಡ್ಡ ಹಿಡಿದರೆ ಆ ಜಾಗ ತಿಳಿಯಾಗುತ್ತದೆ, ಅದೇ 'ಡಾಡ್ಜ್'. ಇನ್ನಷ್ಟು ಹೊತ್ತು ಬೆಳಕು ಬಿಟ್ಟರೆ ಕಪ್ಪಾಗುತ್ತದೆ, ಅದೇ 'ಬರ್ನ್'. ನಮ್ಮ ಊರುಗಳ ಸ್ಟುಡಿಯೋದವರು ಇದನ್ನೆಲ್ಲ ದಶಕಗಳ ಕಾಲ ಮಾಡಿದ್ದರು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ತೆಗೆದರು, ಕಪ್ಪುಬಿಳುಪು ಮದುವೆ ಫೋಟೊಗೆ ಕೈಯಿಂದ ಬಣ್ಣ ಹಚ್ಚಿದರು. ಹೆಸರು ಮಾತ್ರ ಇಂಗ್ಲಿಷಿನದು, ಕೆಲಸ ನಮಗೆ ಹೊಸದಲ್ಲ.

ಇನ್ನು 'ಸಾಫ್ಟ್‌ವೇರ್ ದುಬಾರಿ' ಎಂಬ ನೆಪ. ನಿಜ, ೨೦೧೩ರಿಂದ ಫೋಟೊಶಾಪ್‌ನ ಹೊಸ ಆವೃತ್ತಿಗಳು ಬಾಡಿಗೆ ಲೆಕ್ಕದಲ್ಲಿ ಮಾತ್ರ ಸಿಗುತ್ತವೆ. ಅದಕ್ಕೆಂದು ಕದ್ದ ಪ್ರತಿ ಹಾಕಿಕೊಂಡು, ಅದರ ಜೊತೆಗೆ ಬರುವ ವೈರಸ್‌ಗೆ ನಿಮ್ಮ ಎಲ್ಲ ಫೈಲುಗಳನ್ನು ಬಲಿ ಕೊಡಬೇಡಿ. ೧೯೯೫ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 'ಗಿಂಪ್' ಎಂಬ ತಂತ್ರಾಂಶ ಶುರು ಮಾಡಿದರು. ಅದು ಅಂದಿನಿಂದ ಇಂದಿನವರೆಗೂ ಪುಕ್ಕಟೆ. ೨೦೨೫ರ ಮಾರ್ಚ್‌ನಲ್ಲಿ ಅದರ ಮೂರನೆಯ ದೊಡ್ಡ ಆವೃತ್ತಿ ಬಂದಿದೆ. ಕಂಪ್ಯೂಟರಿಗೆ ಏನೂ ಇಳಿಸಿಕೊಳ್ಳದೆ ಬ್ರೌಸರ್‌ನಲ್ಲೇ ಕೆಲಸ ಮಾಡುವ 'ಫೋಟೊಪಿಯಾ' ಇದೆ. ಕಂಪ್ಯೂಟರೇ ಇಲ್ಲದವರಿಗೆ ಮೊಬೈಲಿನಲ್ಲಿ 'ಸ್ನ್ಯಾಪ್‌ಸೀಡ್' ಇದೆ. ಒಂದರಲ್ಲಿ ಬುಡ ಗಟ್ಟಿಯಾದರೆ ಉಳಿದವು ತಾವಾಗಿ ಬರುತ್ತವೆ. ಸೈಕಲ್ ಕಲಿತವನಿಗೆ ಹೀರೋ ಆದರೇನು, ಅಟ್ಲಾಸ್ ಆದರೇನು?

ಈಗ ಆರು ಪಾಠ.

ಒಂದು: ಮೂಲ ಚಿತ್ರ ಮುಟ್ಟಬೇಡಿ. ಫೋಟೊ ತೆರೆದ ಕೂಡಲೇ ಇನ್ನೊಂದು ಹೆಸರಿನಲ್ಲಿ ಉಳಿಸಿಕೊಳ್ಳಿ. ಕೆಲಸ ನಡೆಯುತ್ತಿರುವಾಗ ಫೋಟೊಶಾಪ್ ಆದರೆ ಪಿಎಸ್‌ಡಿ, ಗಿಂಪ್ ಆದರೆ ಎಕ್ಸ್‌ಸಿಎಫ್ ರೂಪದಲ್ಲಿ ಇಡಿ. ಜೆಪೆಗ್ ಎಂಬುದು ಗಾತ್ರ ಇಳಿಸಲು ಚಿತ್ರದ ವಿವರವನ್ನೇ ಕಳೆಯುತ್ತದೆ. ತಿದ್ದಿ ತಿದ್ದಿ ಹತ್ತು ಸಲ ಜೆಪೆಗ್‌ನಲ್ಲೇ ಉಳಿಸಿದರೆ ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ. ಅದು ಕೊನೆಯಲ್ಲಿ ಕಳಿಸುವ ಪ್ರತಿಗೆ ಮಾತ್ರ ಇರಲಿ.

ಎರಡು: ಚುಕ್ಕಿಗಳ ಲೆಕ್ಕ. ಡಿಜಿಟಲ್ ಚಿತ್ರವೆಂದರೆ ಪಿಕ್ಸೆಲ್ ಎಂಬ ಬಣ್ಣದ ಚೌಕಗಳ ರಾಶಿ, ರಂಗೋಲಿಯ ಚುಕ್ಕಿಗಳಂತೆ. ಕೈಯಲ್ಲಿ ಹಿಡಿದು ನೋಡುವ ಮುದ್ರಣಕ್ಕೆ ಅಂಗುಲಕ್ಕೆ ೩೦೦ ಚುಕ್ಕಿ ಬೇಕು. ಎಂದರೆ ಆರು ನಾಲ್ಕು ಅಂಗುಲದ ಫೋಟೊಗೆ ೧೮೦೦ಕ್ಕೆ ೧೨೦೦ ಚುಕ್ಕಿ. ದೂರದಿಂದ ನೋಡುವ ದೊಡ್ಡ ಬ್ಯಾನರಿಗೆ ೭೨ ಅಥವಾ ೧೦೦ ಇದ್ದರೂ ನಡೆಯುತ್ತದೆ. ಆದರೆ ನಮ್ಮವರು ಮಾಡುವುದೇನು? ವಾಟ್ಸಾಪ್ ಡಿಪಿಯಿಂದ ೬೪೦ ಚುಕ್ಕಿ ಅಗಲದ ಮುಖ ಎತ್ತಿ ಆರಡಿ ಅಗಲಕ್ಕೆ ಹಿಗ್ಗಿಸುತ್ತಾರೆ. ಲೆಕ್ಕ ಹಾಕಿ: ಅಂಗುಲಕ್ಕೆ ಒಂಬತ್ತು ಚುಕ್ಕಿಯೂ ಇಲ್ಲ! ಮುಖ ಮಂಜಾಗದೆ ಇನ್ನೇನಾದೀತು? ಫೋಟೊವನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಚುಕ್ಕಿ ಕಳೆಯುವುದಿಲ್ಲ. ಅಳತೆ ಬದಲಿಸುವಾಗ ಉದ್ದ ಅಗಲದ ನಡುವಿನ ಸರಪಳಿ ಗುರುತು ಕೂಡಿಕೊಂಡಿರಲಿ. ಮುಖ ರೊಟ್ಟಿಯಾಗುವುದು ಅದು ಬಿಟ್ಟಿದ್ದಾಗ.

ಮೂರು: ಬೆಳಕು. 'ಲೆವೆಲ್ಸ್' ಎಂಬ ಆಜ್ಞೆ ತೆರೆಯಿರಿ. ಗುಡ್ಡದ ಸಾಲಿನಂತೆ ಒಂದು ನಕ್ಷೆ ಕಾಣುತ್ತದೆ. ಎಡತುದಿ ಸೊನ್ನೆ, ಅಪ್ಪಟ ಕಪ್ಪು. ಬಲತುದಿ ೨೫೫, ಅಪ್ಪಟ ಬಿಳಿ. ಗುಡ್ಡವೆಲ್ಲ ಎಡಕ್ಕೆ ಕವಿದಿದ್ದರೆ ಚಿತ್ರ ಕತ್ತಲು. ಎರಡೂ ತುದಿ ಖಾಲಿ ಇದ್ದು ನಡುವೆ ಮಾತ್ರ ಗುಡ್ಡವಿದ್ದರೆ ಚಿತ್ರ ಸಪ್ಪೆ. ಕೆಳಗಿನ ಎರಡು ಬಾಣಗಳನ್ನು ಗುಡ್ಡದ ಬುಡಕ್ಕೆ ತನ್ನಿ, ನಡುವಿನ ಬಾಣದಿಂದ ಮುಖದ ಬೆಳಕು ಹೊಂದಿಸಿ. ಮೂರು ಬಾಣ, ಎರಡು ನಿಮಿಷ. ಮಂಕು ಹಿಡಿದ ಹೆಚ್ಚಿನ ಫೋಟೊಗಳು ಇಷ್ಟಕ್ಕೇ ಜೀವ ಪಡೆಯುತ್ತವೆ. ಸಿಕ್ಕ ಸಿಕ್ಕ ಫಿಲ್ಟರ್ ಹಾಕಿ ಕಪ್ಪು ಮುಖವನ್ನು ಸುಣ್ಣದ ಗೋಡೆ ಮಾಡುವ ಚಟ ಬೇಡ. ನಮ್ಮ ಮೈಬಣ್ಣ ತಿದ್ದಬೇಕಾದ ತಪ್ಪಲ್ಲ.

ನಾಲ್ಕು: ಲೇಯರ್ ಮತ್ತು ಮಾಸ್ಕ್. ಫೋಟೊಶಾಪಿಗೆ ಲೇಯರ್ ಬಂದದ್ದು ೧೯೯೪ರ ಮೂರನೇ ಆವೃತ್ತಿಯಲ್ಲಿ. ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳನ್ನು ನೆನೆಸಿಕೊಳ್ಳಿ. ಕೆಳಗಿನ ಹಾಳೆಯಲ್ಲಿ ವಿಧಾನಸೌಧ, ಅದರ ಮೇಲಿನದರಲ್ಲಿ ಬಾವುಟ, ಎಲ್ಲಕ್ಕಿಂತ ಮೇಲೆ ಅಕ್ಷರ. ಬಾವುಟ ಸರಿಸಿದರೆ ವಿಧಾನಸೌಧ ಅಲುಗುವುದಿಲ್ಲ. ಬೇಡದ ಭಾಗವನ್ನು ರಬ್ಬರಿನಿಂದ ಅಳಿಸಬೇಡಿ, ಅಳಿಸಿದ್ದು ಹೋಯಿತು. ಬದಲಿಗೆ ಮಾಸ್ಕ್ ಹಾಕಿ. ಮಾಸ್ಕ್ ಮೇಲೆ ಕಪ್ಪು ಬಳಿದರೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ. ಇಷ್ಟು ತಿಳಿದವನು ಅರ್ಧ ಕಸುಬು ಕಲಿತ ಹಾಗೆ.

ಐದು: ಬಣ್ಣ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ: ಕೆಂಪು, ಹಸಿರು, ನೀಲಿ. ಅದು ಆರ್‌ಜಿಬಿ. ಮುದ್ರಣ ಶಾಯಿಯಿಂದ ಬಣ್ಣ ಮಾಡುತ್ತದೆ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಅದು ಸಿಎಂವೈಕೆ. ಪರದೆಯಲ್ಲಿ ಝಗಝಗಿಸುವ ಬಣ್ಣಗಳಲ್ಲಿ ಹಲವು ಶಾಯಿಗೆ ಎಟುಕುವುದೇ ಇಲ್ಲ. ನಮ್ಮ ಬಾವುಟವನ್ನು ಮುದ್ರಣಕ್ಕೆ ಕೊಡುವಾಗ ಹಳದಿಗೆ ಹಳದಿ ಶಾಯಿ ನೂರಕ್ಕೆ ನೂರು ಇಡಿ, ಬೇರೇನೂ ಬೆರೆಸಬೇಡಿ. ಕೆಂಪಿಗೆ ಮಜೆಂಟಾ ನೂರು, ಹಳದಿ ನೂರು. ಹಳದಿಯೊಳಗೆ ಚೂರು ಕಪ್ಪೋ ಸಯಾನೋ ನುಸುಳಿದರೆ ಅದು ಕೊಳೆಯಾಗಿ ಕಾಣುತ್ತದೆ. ಬಾವುಟಕ್ಕೆ ಗೌರವ ಕೊಡುವುದೆಂದರೆ ಇದೂ ಹೌದು.

ಆರು: ಅಕ್ಷರ. ಬೇರೆ ಭಾಷೆಯ ಪುಸ್ತಕಗಳು ನಮಗೆ ಹೇಳಿಕೊಡದ ಪಾಠ ಇದು. ಯುನಿಕೋಡ್‌ನಲ್ಲಿ ಕನ್ನಡಕ್ಕೆ ೧೯೯೧ರ ಮೊದಲ ಆವೃತ್ತಿಯಿಂದಲೇ ಜಾಗವಿದೆ. ಆದರೂ ಬಹಳ ಅಂಗಡಿಗಳಲ್ಲಿ ಇಂದಿಗೂ ಹಳೇ ಸಂಕೇತದ ಫಾಂಟುಗಳದೇ ಕಾರುಬಾರು. ಅವು ತಮ್ಮ ಕಾಲದಲ್ಲಿ ಕನ್ನಡಕ್ಕೆ ದೊಡ್ಡ ಸೇವೆ ಮಾಡಿದವು, ಅದನ್ನು ಮರೆಯಬಾರದು. ಆದರೆ ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಫಾಂಟ್ ಬದಲಾದರೆ ಬರೆದದ್ದೆಲ್ಲ ಕಲಸುಮೇಲೋಗರ. ನೀವು ಈಗ ಶುರು ಮಾಡುವವರು, ಯುನಿಕೋಡ್‌ನಲ್ಲೇ ಶುರು ಮಾಡಿ.

ಹಾಗಾದರೆ ಒತ್ತಕ್ಷರ ಒಡೆಯುವುದು ಏಕೆ? ಯುನಿಕೋಡ್‌ನಲ್ಲಿ 'ಜ್ಯೋ' ಎಂಬುದು ಜ, ವಿರಾಮ ಚಿಹ್ನೆ, ಯ, ಓ ಸ್ವರಚಿಹ್ನೆ ಎಂದು ಬಿಡಿಬಿಡಿಯಾಗಿ ದಾಖಲಾಗಿರುತ್ತದೆ. ಅವನ್ನು ಕೂಡಿಸಿ ಒಂದು ಅಕ್ಷರವಾಗಿ ಕಟ್ಟುವ ಕೆಲಸ ತಂತ್ರಾಂಶದ್ದು. ಗಿಂಪ್ ಇದನ್ನು ತಾನಾಗಿ ಮಾಡುತ್ತದೆ. ಹಳೆಯ ಫೋಟೊಶಾಪ್ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್ ಒಳಗೆ ಟೈಪ್ ವಿಭಾಗಕ್ಕೆ ಹೋಗಿ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಅಥವಾ 'ವರ್ಲ್ಡ್-ರೆಡಿ ಲೇಔಟ್' ಎಂಬುದನ್ನು ಆರಿಸಿ, ಹೊಸ ಫೈಲ್ ತೆರೆದು ಬರೆಯಬೇಕು. ಒಂದೇ ಒಂದು ಗುಂಡಿ, ಸ್ವಾಮಿ! ಆ ಗುಂಡಿ ಗೊತ್ತಿಲ್ಲದ್ದಕ್ಕೆ ರಾಜ್ಯೋತ್ಸವದ ಕಾಲು ಮುರಿಯುತ್ತಿದೆ. ಒಳ್ಳೆಯ ಫಾಂಟಿಲ್ಲ ಎಂಬ ದೂರೂ ಈಗ ನಿಲ್ಲುವುದಿಲ್ಲ. ನೋಟೊ ಸ್ಯಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ಟೀರೋ ಕನ್ನಡ, ಹುಬ್ಬಳ್ಳಿ, ಇವೆಲ್ಲ ಪುಕ್ಕಟೆ ಸಿಗುತ್ತವೆ, ಮುಕ್ತ ಪರವಾನಗಿಯವು. ಬರೆದ ಮೇಲೆ ಕಾಗುಣಿತ ಬಲ್ಲ ಇನ್ನೊಬ್ಬರಿಂದ ಓದಿಸಿ, ಆಮೇಲೆ ಮುದ್ರಣಕ್ಕೆ ಕಳಿಸಿ.

ಇದು ಬರೀ ಅಂದಚಂದದ ಮಾತಲ್ಲ, ಅನ್ನದ ಮಾತು. ೨೦೨೪ರ ತಿದ್ದುಪಡಿಯಿಂದ ಕರ್ನಾಟಕದ ನಾಮಫಲಕಗಳಲ್ಲಿ ಶೇಕಡ ೬೦ ಭಾಗ ಕನ್ನಡ ಇರಬೇಕೆಂದು ಕಾಯ್ದೆಯಾಗಿದೆ. ಫಲಕದ ಮೇಲೆ ಜಾಗವನ್ನು ಕಾಯ್ದೆ ಕೊಡಿಸಿತು. ಆ ಜಾಗದಲ್ಲಿ ಅಕ್ಷರವನ್ನು ನೆಟ್ಟಗೆ ಕೂರಿಸುವವರು ಯಾರು? ಅಂಗಡಿ, ಆಸ್ಪತ್ರೆ, ಶಾಲೆ, ಸಿನಿಮಾ, ಮದುವೆ ಕರೆಯೋಲೆ, ಎಲ್ಲಕ್ಕೂ ಕನ್ನಡ ಬಲ್ಲ ಕೈ ಬೇಕು. ಇಂಗ್ಲಿಷ್ ಫಾಂಟಿನಲ್ಲಿ ಪಳಗಿದವರು ಸಾವಿರ ಜನ ಸಿಗುತ್ತಾರೆ. ಕನ್ನಡ ಅಕ್ಷರದ ಗಾತ್ರ, ಒತ್ತಿನ ಇಳಿತ, ಸಾಲುಗಳ ನಡುವಿನ ಅಂತರ ಬಲ್ಲವರು ವಿರಳ. ನೀವು ಕಲಿತರೆ ಆ ಕೆಲಸ ನಿಮ್ಮದು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ತಿದ್ದಲು ಬಂದ ಕೈಗೆ ಕೆಡಿಸಲೂ ಬರುತ್ತದೆ. ೨೦೧೨ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಜೀವಭಯದಿಂದ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಆಗ ಹಬ್ಬಿದ ವದಂತಿಗಳ ಜೊತೆ ತಿದ್ದಿದ ಚಿತ್ರಗಳೂ, ಎಲ್ಲಿಯದೋ ಚಿತ್ರಗಳೂ ಹರಿದಾಡಿದ್ದವು. ನಮ್ಮ ಊರಿಗೆ ಅದು ನಾಚಿಕೆಯ ದಿನ. ಹೆಣ್ಣುಮಗಳ ಮುಖವನ್ನು ಇನ್ನೊಂದು ಮೈಗೆ ಅಂಟಿಸುವುದು ತಮಾಷೆಯಲ್ಲ, ಹೇಯ ಅಪರಾಧ. ಅಂಥ ಅಶ್ಲೀಲ ಚಿತ್ರ ಹಂಚಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ೬೭ನೇ ಕಲಮಿನಡಿ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಇದೆ. ಇಂಥದ್ದನ್ನು ಕನ್ನಡದ ಹೆಸರಿನಲ್ಲಿ ಮಾಡಿದರೂ ಅದು ಕನ್ನಡದ ಕೆಲಸವಲ್ಲ. ಈ ವಿದ್ಯೆ ಕಲಿತವರಿಗೆ ಇನ್ನೊಬ್ಬರ ಕಳ್ಳಚಿತ್ರವನ್ನು ಗುರುತಿಸುವ ಕಣ್ಣೂ ಬರುತ್ತದೆ. ನೆರಳು ಒಂದು ದಿಕ್ಕಿಗೆ, ಬೆಳಕು ಇನ್ನೊಂದು ದಿಕ್ಕಿಗೆ ಇದ್ದರೆ ಅನುಮಾನಿಸಿ, ಮುಂದಕ್ಕೆ ಕಳಿಸಬೇಡಿ.

ಕೊನೆಗೆ, ಶುರು ಎಲ್ಲಿಂದ? ನಿಮ್ಮ ಮನೆಯಿಂದಲೇ. ಅಜ್ಜ ಅಜ್ಜಿಯ ಮಸುಕಾದ ಮದುವೆ ಫೋಟೊ ಟ್ರಂಕಿನಲ್ಲಿ ಇದ್ದೇ ಇರುತ್ತದೆ. ಅಂಗುಲಕ್ಕೆ ೬೦೦ ಚುಕ್ಕಿಯಲ್ಲಿ ಸ್ಕ್ಯಾನ್ ಮಾಡಿಸಿ. ಪ್ರತಿ ತೆಗೆಯಿರಿ, ಲೆವೆಲ್ಸ್‌ನಿಂದ ಬೆಳಕು ತನ್ನಿ, ಹೊಸ ಲೇಯರ್ ಮೇಲೆ ಕ್ಲೋನ್ ಮತ್ತು ಹೀಲಿಂಗ್ ಉಪಕರಣಗಳಿಂದ ಮಡಿಕೆ, ಗೀರುಗಳನ್ನು ಮುಚ್ಚಿ, ಕೆಳಗೆ ಅವರ ಹೆಸರನ್ನು ಯುನಿಕೋಡ್ ಕನ್ನಡದಲ್ಲಿ ಬರೆಯಿರಿ. ತಪ್ಪಾದರೆ ಕಂಟ್ರೋಲ್ ಮತ್ತು ಝಡ್ ಒತ್ತಿದರೆ ಹಿಂದಕ್ಕೆ ಬರುತ್ತದೆ. ದಿನಕ್ಕೆ ಒಂದು ಗಂಟೆ ಕೂತರೆ ಒಂದು ವಾರದ ಕೆಲಸ. ಆರು ಪಾಠವೂ ಅದರೊಳಗೇ ಬಂತು.

ಲೇಯರ್‌ಗೆ ಲೇಯರ್ ಅನ್ನಬೇಕೋ ಪದರ ಅನ್ನಬೇಕೋ ಎಂದು ಜಗಳ ಕಾಯುತ್ತಾ ಕೂರಬೇಡಿ. ಬಳಸುತ್ತಾ ಹೋದರೆ ಪದ ತಾನಾಗಿ ಹುಟ್ಟುತ್ತದೆ. ನಮ್ಮ ಸಂಘಟನೆಗಳ ಹಿರಿಯರಿಗೂ ಒಂದು ಬಿನ್ನಹ. ಕಚೇರಿಯ ಕಂಪ್ಯೂಟರನ್ನು ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಡಾವಣೆಯ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಿ. ಗೊತ್ತಿರುವ ಒಬ್ಬರು ಐವರಿಗೆ ಕನ್ನಡದಲ್ಲಿ ಹೇಳಿಕೊಡಲಿ. ಆ ಐವರಲ್ಲಿ ಡಿಟಿಪಿ ಅಂಗಡಿಯ ಹುಡುಗನೂ ಇರಲಿ, ಅವನನ್ನು ಮೊದಲು ಕರೆಯಿರಿ. ಬರುವ ನವೆಂಬರಿನ ಬ್ಯಾನರನ್ನು ಅವರೇ ಮಾಡಲಿ.