ಬುಲ್ಸ್ ಹರಾಜು ಮತ್ತು ನನ್ನ ಎಕ್ಸೆಲ್ ಶೀಟು

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ರಿಲೀಸು, ಪ್ರೊಡಕ್ಷನ್ ಸಪೋರ್ಟು ಅಂತ ಸಬೂಬು ಹೇಳಬಹುದು, ನಿಜವಾದ ಕಾರಣ ಸೋಮಾರಿತನ :) ಇವತ್ತು ನನ್ನನ್ನು ಕೀಬೋರ್ಡ್ ಮುಂದೆ ಕೂರಿಸಿದ್ದು ಆಫೀಸಿನ ಗೆಳೆಯ. ಊಟದ ಹೊತ್ತಿಗೆ ಬಂದವನೇ, "ಬೆಂಗಳೂರು ಬುಲ್ಸ್‌ಗೆ ಒಬ್ಬ ದೊಡ್ಡ ರೈಡರ್ ಬೇಕು ಗುರು. ಇಲ್ಲಾಂದ್ರೆ ಫ್ಯಾಂಟಸಿಯಲ್ಲಿ ನಮ್ಮ ಟೀಮಿಂದ ಯಾರನ್ನ ಕ್ಯಾಪ್ಟನ್ ಮಾಡೋದು?" ಅಂದ.

ತಂಡ ಗೆಲ್ಲೋಕೆ ಯಾರು ಬೇಕು ಅಂತ ಅವನು ಕೇಳಲೇ ಇಲ್ಲ, ಗಮನಿಸಿದ್ರಾ? ಅವನನ್ನು ಬೈಯೋ ಯೋಗ್ಯತೆ ನನಗಿಲ್ಲ. ಮೂರು ವರ್ಷ ನಾನೂ ಇದೇ ಪ್ರಶ್ನೆ ಕೇಳಿಕೊಂಡು ಓಡಾಡಿದವನು. ಅದಕ್ಕೇ ಹೇಳ್ತೀನಿ: ಈ ಫ್ಯಾಂಟಸಿ ಆಟ ನಮ್ಮ ದುಡ್ಡು ತಿಂದಿದ್ದು ಒಂದು ಕಡೆ, ಕಬಡ್ಡಿ ನೋಡೋ ಕಣ್ಣನ್ನೇ ಕೆಡಿಸಿಬಿಟ್ಟಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಪಂದ್ಯದ ಎರಡೂ ತಂಡಗಳಿಂದ ಏಳು ಆಟಗಾರರನ್ನು 100 ಕ್ರೆಡಿಟ್ ಒಳಗೆ ಆರಿಸಬೇಕು. ಅವರು ನಿಜವಾದ ಪಂದ್ಯದಲ್ಲಿ ಮಾಡಿದ್ದಕ್ಕೆಲ್ಲ ನಿಮಗೆ ಅಂಕ. ಕ್ಯಾಪ್ಟನ್ ಮಾಡಿದವನ ಅಂಕ ಎರಡು ಪಟ್ಟು, ವೈಸ್ ಕ್ಯಾಪ್ಟನ್ನಿನದು ಒಂದೂವರೆ ಪಟ್ಟು. 2025ರ ಆಗಸ್ಟ್‌ವರೆಗೆ ಇದನ್ನು ದುಡ್ಡು ಕಟ್ಟಿ ಆಡಬಹುದಿತ್ತು.

ಎರಡು ಪಟ್ಟು ಅಂದಮೇಲೆ ಎಲ್ಲರ ಕಣ್ಣೂ ರೈಡರ್ ಮೇಲೆ. ಆಫ್ ಸೀಸನ್ನಿನಲ್ಲಿ ನಾನು ಮಾಡ್ತಿದ್ದ ಕೆಲಸ ಇಷ್ಟೇ. ಹರಾಜು ಮುಗಿದ ರಾತ್ರಿ ಎಕ್ಸೆಲ್ ಶೀಟು ತೆರೆದು, ಯಾವ ರೈಡರ್ ಯಾವ ತಂಡಕ್ಕೆ ಹೋದ, ಹಿಂದಿನ ಸೀಸನ್ನಿನ ಸರಾಸರಿ ಎಷ್ಟು, ಪಕ್ಕದಲ್ಲಿ ಅಂಕ ಹಂಚಿಕೊಳ್ಳೋ ಇನ್ನೊಬ್ಬ ಇದ್ದಾನಾ ಅಂತ ಕಾಲಂ ಹಾಕೋದು. ಇಂಜಿನಿಯರಿಂಗ್ ಓದಿದ್ದು ಇದಕ್ಕೇ ಇರಬೇಕು!

ಈ ಲೆಕ್ಕ ಎಷ್ಟು ಸರಿಯಿತ್ತು ಅಂತ ನೋಡೋಣ ಬನ್ನಿ.

2022ರ ಹರಾಜಿಗೆ ಮುಂಚೆ ಬುಲ್ಸ್ ಪವನ್ ಸೆಹ್ರಾವತ್‌ನನ್ನು ಕೈಬಿಟ್ಟಿತು. ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ಹೊಡೆದ ಮನುಷ್ಯ! ತಮಿಳ್ ತಲೈವಾಸ್ 2.26 ಕೋಟಿಗೆ ತಗೊಂಡಿತು. ನಾನು ಎರಡು ದಿನ ಊಟ ಬಿಟ್ಟವನ ಹಾಗೆ ಇದ್ದೆ. ಆಮೇಲೆ ಏನಾಯ್ತು? ಮೊದಲನೇ ಪಂದ್ಯದಲ್ಲೇ ಅವನ ಮಂಡಿಗೆ ಪೆಟ್ಟು ಬಿತ್ತು, ಇಡೀ ಸೀಸನ್ ಹೊರಗೆ. ಆದರೆ ಅವನಿಲ್ಲದ ತಲೈವಾಸ್ ಅದೇ ವರ್ಷ ತನ್ನ ಇತಿಹಾಸದಲ್ಲೇ ಮೊದಲ ಸಲ ಸೆಮಿಫೈನಲ್ ತಲುಪಿತು. ಬುಲ್ಸ್ 1.70 ಕೋಟಿಗೆ ವಿಕಾಸ್ ಖಂಡೋಲಾನನ್ನು ತಂದಿತ್ತು, ನಾವೆಲ್ಲ ಅವನನ್ನೇ ಕ್ಯಾಪ್ಟನ್ ಮಾಡಿ ಕೂತ್ವಿ. ಅಂಕ ತಂದಿದ್ದು ಹುಡುಗ ಭರತ್, 279 ರೈಡ್ ಅಂಕ. ಬುಲ್ಸ್ ಕೂಡ ಸೆಮಿಫೈನಲ್ಲಿಗೆ ಹೋಯಿತು.

2023ರಲ್ಲಿ ಪವನ್‌ಗೆ ತೆಲುಗು ಟೈಟನ್ಸ್ ಕೊಟ್ಟಿದ್ದು 2.605 ಕೋಟಿ. ಒಂದು ತಂಡದ ಪೂರ್ತಿ ಪರ್ಸೇ 5 ಕೋಟಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬನಿಗೆ! ಟೈಟನ್ಸ್ 22 ಪಂದ್ಯಗಳಲ್ಲಿ 2 ಗೆದ್ದು ಕೊನೇ ಸ್ಥಾನ. ಫ್ಯಾಂಟಸಿಯಲ್ಲಿ ಮಾತ್ರ ಪವನ್ ಒಳ್ಳೇ ಆಯ್ಕೆ. ಸೋಲುವ ತಂಡದಲ್ಲಿ ರೈಡ್ ಎಲ್ಲ ಒಬ್ಬನ ತಲೆ ಮೇಲೇ ಬೀಳುತ್ತಲ್ಲ!

2024ರಲ್ಲಿ ನಮ್ಮ ಸರದಿ. ಲೀಗಿನಲ್ಲೇ ಅತಿ ಹೆಚ್ಚು ರೈಡ್ ಅಂಕ ಮಾಡಿದ ಪರ್ದೀಪ್ ನರ್ವಾಲ್ 70 ಲಕ್ಷಕ್ಕೆ ಬುಲ್ಸ್‌ಗೆ ವಾಪಸ್ ಬಂದ. ಜೊತೆಗೆ 1.107 ಕೋಟಿಗೆ ಅಜಿಂಕ್ಯ ಪವಾರ್. ಶೀಟಿನಲ್ಲಿ ಹಸಿರೋ ಹಸಿರು. ಬುಲ್ಸ್ ಗೆದ್ದಿದ್ದು ಎಷ್ಟು? 22ರಲ್ಲಿ 2. ಕೊನೇ ಸ್ಥಾನ.

ಯಾಕೆ ಹೀಗೆ? ಊರಲ್ಲಿ ಕಬಡ್ಡಿ ಆಡಿದ ಯಾರನ್ನಾದರೂ ಕೇಳಿ, ಹೇಳ್ತಾರೆ. ರೈಡರ್ ಔಟಾದರೆ ಅವನು ಒಳಗೆ ಬರಬೇಕಂದ್ರೆ ಬೇರೆಯವರು ಅಂಕ ತರಬೇಕು. ಹಿಡಿಯೋರಿಲ್ಲದ ತಂಡದಲ್ಲಿ ಕೋಟಿಯ ರೈಡರ್ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ತಿರ್ತಾನೆ. ಮೂರು ಜನ ಸೇರಿ ಒಬ್ಬನನ್ನು ಕೆಡವಿದರೂ ಟ್ಯಾಕಲ್ ಅಂಕ ಒಬ್ಬನ ಹೆಸರಿಗೆ ಬೀಳುತ್ತೆ, ಸರಪಳಿ ಬಿಡದೆ ಹಿಡಿದವನಿಗೆ ಸೊನ್ನೆ. ಮುಂದಿರುವ ತಂಡದವನು ಬೋನಸ್ ಆಸೆಗೂ ಬೀಳದೆ ಮೂವತ್ತು ಸೆಕೆಂಡ್ ಕಳೆದು ಬರಿಗೈಲಿ ವಾಪಸ್ ಬಂದರೆ ಅದು ಎಷ್ಟೋ ಸಲ ಪಂದ್ಯ ಗೆಲ್ಲಿಸೋ ರೈಡು. ಫ್ಯಾಂಟಸಿಯಲ್ಲಿ ಅದಕ್ಕೂ ಸೊನ್ನೆ. ಎಣಿಸೋಕೆ ಸುಲಭವಾದದ್ದನ್ನು ಮಾತ್ರ ಎಣಿಸಿ ಅದೇ ಆಟ ಅಂತ ನಂಬೋದು ನಮ್ಮ ಸಾಫ್ಟ್‌ವೇರ್ ಮಂದಿಯ ಹಳೇ ರೋಗ. ಬರೆದ ಸಾಲು ಎಣಿಸಿ ಅಪ್ರೈಸಲ್ ಕೊಡೋ ಮ್ಯಾನೇಜರ್‌ನನ್ನು ಬೈತೀವಿ, ಸಂಜೆ ಬಂದು ನಾವೂ ಅದನ್ನೇ ಮಾಡ್ತೀವಿ.

"ಹಾಗಾದ್ರೆ ಬುಲ್ಸ್ ಕಪ್ ಗೆದ್ದಿದ್ದು ಪವನ್‌ನಿಂದ ತಾನೇ?" ಅಂತ ನೀವು ಕೇಳಬಹುದು. ನಿಜ. 2019ರ ಜನವರಿ 5ರ ಫೈನಲ್, ಗುಜರಾತ್ ವಿರುದ್ಧ 38-33, ಅದರಲ್ಲಿ 22 ಅಂಕ ಅವನದೇ. ಹಾಸ್ಟೆಲ್ ಟಿವಿ ರೂಮಿನಲ್ಲಿ ಕುಣಿದವರಲ್ಲಿ ನಾನೂ ಒಬ್ಬ. ಆದರೆ ಆ ಸೀಸನ್ನಿನ ಅತಿ ದುಬಾರಿ ಆಟಗಾರ ಪವನ್ ಆಗಿರಲಿಲ್ಲ. ಹರಿಯಾಣ ಸ್ಟೀಲರ್ಸ್ 1.51 ಕೋಟಿ ಕೊಟ್ಟಿದ್ದು ಮೋನು ಗೋಯತ್‌ಗೆ, ಆ ತಂಡ ಪ್ಲೇಆಫ್ ಮುಖ ನೋಡಲಿಲ್ಲ. ಪವನ್ ಅಷ್ಟು ದೊಡ್ಡವನಾದದ್ದು ಬುಲ್ಸ್‌ನಲ್ಲಿ ಆಡಿದ ಮೇಲೆ.

ಇಷ್ಟೇ ಆಗಿದ್ರೆ ನಕ್ಕು ಸುಮ್ಮನಾಗಬಹುದಿತ್ತು. ಈಗ ಹೇಳೋದು ಸ್ವಲ್ಪ ಕಷ್ಟದ ವಿಷಯ.

ನಮ್ಮೂರು ಬಡವನಹಳ್ಳಿ, ಮಧುಗಿರಿಯಿಂದ ಶಿರಾಕ್ಕೆ ಹೋಗೋ ದಾರಿಯಲ್ಲಿ. ನನ್ನ ಚಿಕ್ಕಪ್ಪನ ಮಗ ಅಲ್ಲೇ ಇದ್ದಾನೆ. ಗಣೇಶನ ಹಬ್ಬಕ್ಕೆ ಟ್ಯೂಬ್‌ಲೈಟ್ ಕಟ್ಟಿ ಆಡಿಸೋ ಕಬಡ್ಡಿಯಲ್ಲಿ ಅವನು ಲೆಫ್ಟ್ ಕಾರ್ನರ್. ಕಾಲು ಹಿಡಿದರೆ ಬಿಡೋ ಮಾತೇ ಇಲ್ಲ. 2022ರ ದಸರಾ ರಜೆಗೆ ಹೋದಾಗ ಅವನ ಮೊಬೈಲಿಗೆ ಆ್ಯಪ್ ಹಾಕಿಕೊಟ್ಟಿದ್ದು ನಾನು. ಕ್ಯಾಪ್ಟನ್ ಅಂದ್ರೆ ರೈಡರ್ ಕಣೋ, ಡಿಫೆಂಡರ್‌ಗಳನ್ನ ಕ್ರೆಡಿಟ್ ಉಳಿಸೋಕೆ ಹಾಕ್ಕೋ ಅಂತ ಪಾಠ ಮಾಡಿದ್ದೂ ನಾನೇ. ಒಬ್ಬ ಕಾರ್ನರ್ ಆಟಗಾರನಿಗೆ! ಅವನು ತಲೆ ಅಲ್ಲಾಡಿಸಿದ, ಅಣ್ಣ ಬೆಂಗಳೂರಲ್ಲಿ ಇಂಜಿನಿಯರ್, ಸರಿಯಾಗೇ ಹೇಳ್ತಾನೆ ಅಂತ.

ನನಗೆ 49 ರೂಪಾಯಿ ಅಂದ್ರೆ ಒಂದು ಕಾಫಿ. ಅವನು 49ರಿಂದ ಶುರು ಮಾಡಿ ಡೈರಿ ಬಟವಾಡೆ ಬಂದ ದಿನವೇ ಐನೂರು, ಸಾವಿರ ಹಾಕೋ ಮಟ್ಟಕ್ಕೆ ಹೋದ. ಎರಡು ಸೀಸನ್ನಿನಲ್ಲಿ 41 ಸಾವಿರ. ಪರ್ದೀಪ್ ಬುಲ್ಸ್‌ಗೆ ಬಂದ ವರ್ಷ ಅತಿ ಹೆಚ್ಚು ಹೋಗಿದ್ದು, ಯಾಕಂದ್ರೆ ನನ್ನ ಶೀಟು ಹಸಿರು ಅಂದಿತ್ತಲ್ಲ! ಬೋರ್‌ವೆಲ್ ಮೋಟರ್ ಸುಟ್ಟಾಗ ರಿಪೇರಿಗೆ ಕಾಸಿಲ್ಲ ಅಂತ ಚಿಕ್ಕಪ್ಪ ನನಗೆ ಫೋನ್ ಮಾಡಿದಾಗಲೇ ವಿಷಯ ಗೊತ್ತಾಗಿದ್ದು. ದುಡ್ಡು ಕಳಿಸಿದೆ. ಆ್ಯಪ್ ಹಾಕಿಕೊಟ್ಟಿದ್ದು ಯಾರು ಅಂತ ಚಿಕ್ಕಪ್ಪ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಸರ್ಕಾರಗಳು ಏನೂ ಮಾಡಲಿಲ್ಲ ಅನ್ನೋಕಾಗಲ್ಲ. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯವೇ ದುಡ್ಡಿನ ಆನ್‌ಲೈನ್ ಆಟಕ್ಕೆ ಕಾನೂನು ತಂದಿತ್ತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೇಂದ್ರದ ಕಾನೂನಿಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಸರಿಯಾಗಿ ಒಂದು ವಾರಕ್ಕೆ, ಆಗಸ್ಟ್ 29ಕ್ಕೆ, ವಿಶಾಖಪಟ್ಟಣದಲ್ಲಿ ಪ್ರೊ ಕಬಡ್ಡಿ ಹನ್ನೆರಡನೇ ಸೀಸನ್ ಶುರು. ದುಡ್ಡಿಲ್ಲದ ಫ್ಯಾಂಟಸಿ, ನನಗೆ ಮೂರು ವರ್ಷದಲ್ಲಿ ಮೊದಲನೇ ಸಲ.

ಆ ಸೀಸನ್ನಿಗೆ ಬುಲ್ಸ್ ಏನು ಮಾಡಿತ್ತು ಗೊತ್ತಾ? ನಮ್ಮ ಕನ್ನಡದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಹರಾಜಿನಲ್ಲಿ ಯೋಗೇಶ್ ದಹಿಯಾಗೆ 1.125 ಕೋಟಿ, ಅಂಕುಶ್ ರಾಠಿಗೆ 90 ಲಕ್ಷ. ಇಬ್ಬರೂ ಕಾರ್ನರ್! 5 ಕೋಟಿ ಪರ್ಸಿನಲ್ಲಿ 2 ಕೋಟಿಗೂ ಮಿಕ್ಕಿ ಎರಡು ಕಾರ್ನರ್‌ಗೆ. "ದೊಡ್ಡ ರೈಡರ್ ಇಲ್ಲ, ಈ ಸಲವೂ ಲಾಸ್ಟ್" ಅಂತ ಗೆಳೆಯರೆಲ್ಲ ಗೇಲಿ ಮಾಡಿದರು. ಮೊದಲು ಸೋತರು ಕೂಡ. ಆಮೇಲೆ ಇರಾನಿನ ಅಲಿರೇಜಾ ಮಿರ್ಜಾಯಿಯನ್ ರೈಡಿಗೆ ಹೋಗ್ತಾ, ಹಿಂದೆ ಕಾರ್ನರ್‌ಗಳು ಹಿಡೀತಾ, ಹಿಂದಿನ ವರ್ಷ ಎರಡೇ ಗೆದ್ದಿದ್ದ ತಂಡ ಪ್ಲೇಆಫ್ ತಲುಪಿತು.

ಆ ಸೀಸನ್ನಿನ ಒಂದು ಪಂದ್ಯವನ್ನು ಊರಲ್ಲಿ ತಮ್ಮನ ಜೊತೆ ಕೂತು ನೋಡಿದೆ. ಯೋಗೇಶ್ ಒಂದು ಆ್ಯಂಕಲ್ ಹೋಲ್ಡ್ ಹಾಕಿದ. ತಮ್ಮ ಎದ್ದು ನಿಂತು, "ನೋಡಣ್ಣ, ಅವನ ಕಾಲು ಎದ್ದಾಗ ಅಲ್ಲ, ಭಾರ ಇನ್ನೊಂದು ಕಾಲಿಗೆ ಹೋದಾಗ ಬಿದ್ದ" ಅಂದ. ನಾನು ಅದನ್ನು ನೋಡಿರಲೇ ಇಲ್ಲ. ಮೂರು ವರ್ಷ ಸ್ಕೋರು ಓಡೋ ಮೂಲೆಯನ್ನೇ ನೋಡಿದ್ದೆ.

ಕಾನೂನು ದುಡ್ಡನ್ನು ನಿಲ್ಲಿಸಿದೆ. ನಮ್ಮ ಬಾಯಲ್ಲಿ ಇನ್ನೂ "ಕ್ರೆಡಿಟ್", "ಕ್ಯಾಪ್ಟನ್ ಪಿಕ್" ಹಾಗೇ ಕೂತಿವೆ, ಅದನ್ನು ಯಾವ ಸಂಸತ್ತೂ ತೆಗೆಯಲ್ಲ. ನಾನು ಶೀಟು ಡಿಲೀಟ್ ಮಾಡಿದ್ದೀನಿ. ಮುಂದಿನ ಹರಾಜಿನಲ್ಲಿ ಬುಲ್ಸ್ ಯಾರನ್ನು ತಗೋಬೇಕು ಅನ್ನೋ ಆಫೀಸಿನ ಗೆಳೆಯನ ಪ್ರಶ್ನೆಗೆ ನನ್ನ ಉತ್ತರ: ಬಿಡದೆ ಹಿಡಿಯೋರನ್ನ. ಪವಾಡ ಮಾಡೋ ರೈಡರ್ ಸಿಕ್ಕರೆ ಸಂತೋಷ, ಅವನಿಗೋಸ್ಕರ ಪರ್ಸಿನ ಅರ್ಧ ಖಾಲಿ ಮಾಡೋದು ಬೇಡ.

ಇನ್ನೊಂದು ಕೆಲಸ ಬಾಕಿ ಇದೆ. ಈ ಸಲ ಊರಿಗೆ ಹೋದಾಗ ಚಿಕ್ಕಪ್ಪನಿಗೆ, ಆ್ಯಪ್ ಹಾಕಿಕೊಟ್ಟಿದ್ದು ನಾನೇ ಅಂತ ಹೇಳಬೇಕು. ನೋಡೋಣ, ಧೈರ್ಯ ಬರುತ್ತಾ ಅಂತ.

ನೀವೇನಂತೀರಾ?