ಸೀಟಿನ ಪೂರ್ತಿ ಲೆಕ್ಕ ಮೊದಲೇ ಸಿಗಲಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರೆ,



ಹಾವೇರಿ ಜಿಲ್ಲೆಯ ಬ್ಯಾಂಕ್ ಶಾಖೆಯೊಂದರಲ್ಲಿ ಶಿಕ್ಷಣ ಸಾಲದ ಅರ್ಜಿಗಳನ್ನು ನೋಡಿಕೊಂಡು ನಿವೃತ್ತನಾದವನು ನಾನು. ನೀಟ್ ಫಲಿತಾಂಶ ಬಂದ ಮೇಲೆ ಸುತ್ತಲಿನ ಹಳ್ಳಿಗಳ ತಂದೆತಾಯಿಗಳು ಈಗಲೂ ಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಬರುತ್ತಾರೆ. “ಯಾವ ಕಾಲೇಜ್ ಹಾಕೂಣ್ರಿ ಸರ? ನಮ್ಮ ಕೈಲೆ ಆಕ್ಕೈತೇನ್ರಿ?” ಎಂದು ಕೇಳುತ್ತಾರೆ. ಮೊದಲನೆಯದಕ್ಕೆ ಉತ್ತರ ಹೇಳುವವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಐದೂವರೆ ವರ್ಷದ ಪೂರ್ತಿ ಖರ್ಚು ಗೊತ್ತಿರಬೇಕು, ಆ ಸೀಟಿನ ಜೊತೆ ಬರುವ ಕರಾರುಗಳೆಲ್ಲ ಗೊತ್ತಿರಬೇಕು. ಅವೆರಡೂ ಒಂದೇ ಕಡೆ ಸಿಗುವ ಸರ್ಕಾರಿ ಪುಟ ನನ್ನ ಕಣ್ಣಿಗೆ ಬಿದ್ದಿಲ್ಲ. ಅಂಥದೊಂದು ಪುಟವನ್ನು ನೀವು ಮಾಡಿಸಬೇಕು, ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿ ಶುರುವಾಗುವ ಮೊದಲೇ ಅದು ಮಕ್ಕಳ ಕೈಗೆ ಸಿಗಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಈಗ ಮಕ್ಕಳಿಗೆ ಕಾಣುವುದು ವಾರ್ಷಿಕ ಬೋಧನಾ ಶುಲ್ಕ. ಸರ್ಕಾರಿ ಕಾಲೇಜಾದರೆ 60 ಸಾವಿರದ ಆಸುಪಾಸು, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಆದರೆ ಒಂದೂವರೆ ಲಕ್ಷದ ಆಸುಪಾಸು, ಅದೇ ಕಾಲೇಜಿನ ಖಾಸಗಿ ಕೋಟಾ ಆದರೆ 10 ಲಕ್ಷಕ್ಕೂ ಮೇಲೆ, ಡೀಮ್ಡ್ ವಿಶ್ವವಿದ್ಯಾಲಯವಾದರೆ ಅದರ ದುಪ್ಪಟ್ಟು. ಒಂದೇ ಮೇಜಿನ ಸುತ್ತ ನಿಂತು ಒಂದೇ ಶವದ ಮೇಲೆ ಅಂಗರಚನೆ ಕಲಿಯುವ ಇಬ್ಬರು ಮಕ್ಕಳ ಶುಲ್ಕದಲ್ಲಿ ಏಳೆಂಟು ಪಟ್ಟು ವ್ಯತ್ಯಾಸ. ಈ ವ್ಯತ್ಯಾಸ ಸರಿಯೇ ಎಂಬ ಚರ್ಚೆ ದೊಡ್ಡದು. ಇಲ್ಲಿ ಅದನ್ನು ಎತ್ತುವುದಿಲ್ಲ, ಏಕೆಂದರೆ ಕನಿಷ್ಠ ಈ ಅಂಕಿಗಳು ಮೊದಲೇ ಗೊತ್ತಿರುತ್ತವೆ. ನಮ್ಮ ಕಡೆಯ ಮನೆಗಳನ್ನು ಮುರಿಯುತ್ತಿರುವುದು ಗೊತ್ತಿಲ್ಲದ ಅಂಕಿಗಳು.

ಒಂದು ಕುಟುಂಬದ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರು ಅವರು. ಮಗಳಿಗೆ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಕ್ಕಿತು. ವರ್ಷಕ್ಕೆ ಒಂದೂವರೆ ಲಕ್ಷ, ಐದು ಕಂತಿಗೆ ಏಳೂವರೆ ಲಕ್ಷ. ಆಸ್ತಿ ಆಧಾರವಿಲ್ಲದೆ ಬ್ಯಾಂಕು ಕೊಡುವ ಶಿಕ್ಷಣ ಸಾಲದ ಮಿತಿಯೂ ಸಾಮಾನ್ಯವಾಗಿ ಏಳೂವರೆ ಲಕ್ಷವೇ. ಲೆಕ್ಕ ಕೂಡಿಬಂತೆಂದು ಮನೆಯವರೆಲ್ಲ ಖುಷಿಯಲ್ಲಿದ್ದರು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪ್ರವೇಶ ಆದೇಶ ಹಿಡಿದುಕೊಂಡು ಕಾಲೇಜಿಗೆ ಹೋದ ದಿನ ಅಲ್ಲಿನ ಮೇಜಿನ ಮೇಲೆ ಇನ್ನೊಂದು ಹಾಳೆ ಕಾದಿತ್ತು. ಹಾಸ್ಟೆಲ್ ಮತ್ತು ಊಟಕ್ಕೆ 1.75 ಲಕ್ಷ, ಹೊರಗೆ ಇರುವಂತಿಲ್ಲ. ಪ್ರಯೋಗಾಲಯ, ಗ್ರಂಥಾಲಯ, ಸಮವಸ್ತ್ರ, ಕ್ರೀಡೆ, ‘ಇತರೆ’ ಎಂದು 60 ಸಾವಿರ. ಕಾಷನ್ ಡೆಪಾಸಿಟ್ 50 ಸಾವಿರ. ಒಂದೂವರೆ ಲಕ್ಷ ಎಂದುಕೊಂಡು ಹೋದವರಿಗೆ ಮೊದಲ ವರ್ಷವೇ 4.35 ಲಕ್ಷವಾಯಿತು. ಐದು ವರ್ಷಕ್ಕೆ ಹತ್ತಿರ ಹತ್ತಿರ 20 ಲಕ್ಷ. ಸರ್ಕಾರ ನಿಗದಿ ಮಾಡಿದ ಬೋಧನಾ ಶುಲ್ಕ ಆ ಮೊತ್ತದ ಅರ್ಧವೂ ಇರಲಿಲ್ಲ.

ಆ ಮೇಜಿನ ಮುಂದೆ ನಿಂತ ತಂದೆಗೆ ಇದ್ದದ್ದು ಎರಡೇ ದಾರಿ. ಕೊಟ್ಟ ದಿನಾಂಕದೊಳಗೆ ದುಡ್ಡು ಕಟ್ಟಬೇಕು, ಇಲ್ಲವೆ ಮಗಳು ಎರಡು ವರ್ಷ ಓದಿ ಗಳಿಸಿದ ಸೀಟು ಬಿಡಬೇಕು. ಆಪ್ಷನ್ ಎಂಟ್ರಿ ಮಾಡುವಾಗ ಈ ಹಾಳೆ ಕಣ್ಣೆದುರು ಇದ್ದಿದ್ದರೆ, ಸ್ವಲ್ಪ ದೂರದ ಸರ್ಕಾರಿ ಕಾಲೇಜನ್ನು ಅವರು ಪಟ್ಟಿಯಲ್ಲಿ ಮೇಲೆ ಹಾಕುತ್ತಿದ್ದರು. ಅವಳ ರ‍್ಯಾಂಕಿಗೆ ಅದು ಸಿಗುವಂತಿತ್ತು.

ಏಳೂವರೆ ಲಕ್ಷ ದಾಟಿದ ಕೂಡಲೇ ಸಾಲದ ಸ್ವರೂಪವೇ ಬದಲಾಗುತ್ತದೆ. ಆಸ್ತಿ ಆಧಾರ ಕೊಡಬೇಕು. ಹೊಲವನ್ನು ಆಧಾರವಾಗಿ ಒಪ್ಪಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ, ಏಕೆಂದರೆ ಸಾಲ ತೀರದಿದ್ದಾಗ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಊರೊಳಗಿನ ಮನೆಯ ಕಾಗದಪತ್ರ ಸರಿಯಾಗಿ ಇರುವುದು ಅಪರೂಪ. ಕಾಲೇಜು ತನ್ನ ಲೆಟರ್‌ಹೆಡ್ ಮೇಲೆ ಬರೆದುಕೊಟ್ಟ ಖರ್ಚಿಗೆ ಮಾತ್ರ ಬ್ಯಾಂಕು ಸಾಲ ಮಂಜೂರು ಮಾಡಬಲ್ಲದು. ರಸೀದಿಯಿಲ್ಲದೆ ಕೇಳುವ ದುಡ್ಡನ್ನು ರೈತ ಎಲ್ಲಿಂದ ತರಬೇಕು? ಕೈಸಾಲ ತರುತ್ತಾನೆ, ತಿಂಗಳಿಗೆ ನೂರಕ್ಕೆ ಮೂರರಂತೆ. ಇಲ್ಲವೆ ಒಂದೆಕರೆ ಮಾರುತ್ತಾನೆ.

ಸಾಲ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ 4 ಲಕ್ಷದಂತೆ ಐದು ಕಂತಿನಲ್ಲಿ 20 ಲಕ್ಷ, ಶೇಕಡ 10ರ ಬಡ್ಡಿ. ಕೋರ್ಸು ಐದೂವರೆ ವರ್ಷ, ಅದರ ಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಸರಳ ಬಡ್ಡಿಯನ್ನೇ ಹಿಡಿದರೂ ಮರುಪಾವತಿ ಶುರುವಾಗುವ ದಿನ 9 ಲಕ್ಷ ಸೇರಿ ಸಾಲ 29 ಲಕ್ಷವಾಗಿರುತ್ತದೆ. 15 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 31 ಸಾವಿರದ ಕಂತು. ಆ ಹೊತ್ತಿಗೆ ಮಗಳು ಏನು ಮಾಡುತ್ತಿರುತ್ತಾಳೆ? ಬರೀ ಎಂಬಿಬಿಎಸ್ ಸಾಲದು ಎಂದು ಪಿಜಿ ಪ್ರವೇಶ ಪರೀಕ್ಷೆಗೆ ಓದುತ್ತಿರುತ್ತಾಳೆ, ಅಥವಾ ಕಡ್ಡಾಯ ಗ್ರಾಮೀಣ ಸೇವೆಯಲ್ಲಿರುತ್ತಾಳೆ. ಸರ್ಕಾರಿ ಕೋಟಾದ ಸೀಟಿನ ಗತಿ ಇದು. ಖಾಸಗಿ ಕೋಟಾದಲ್ಲಿ ವರ್ಷಕ್ಕೆ 10 ಲಕ್ಷ ಕಟ್ಟುವ ಮಧ್ಯಮ ವರ್ಗದ ಮನೆಯ ಲೆಕ್ಕವನ್ನು ನೀವೇ ಊಹಿಸಿಕೊಳ್ಳಬಹುದು.

ಎಂಬಿಬಿಎಸ್ ಪಾಠ ನಡೆಯುವುದು ನಾಲ್ಕೂವರೆ ವರ್ಷ. ಉಳಿದ ಒಂದು ವರ್ಷ ಇಂಟರ್ನ್‌ಶಿಪ್. ಆ ವರ್ಷ ಮಕ್ಕಳು ವಾರ್ಡಿನಲ್ಲಿ ಹಗಲುರಾತ್ರಿ ದುಡಿಯುತ್ತಾರೆ. ಆದರೂ ಐದು ಪೂರ್ತಿ ವರ್ಷದ ಶುಲ್ಕ ವಸೂಲಿ ಮಾಡುವ ಕಾಲೇಜುಗಳಿವೆ. ಓದಿಸದ ಆರು ತಿಂಗಳಿಗೆ ಯಾವ ಲೆಕ್ಕದಲ್ಲಿ ದುಡ್ಡು ಎಂದು ಕೇಳಿದ ಪೋಷಕರಿಗೆ ಬಾಯಿಮಾತಿನ ಉತ್ತರ ಬಿಟ್ಟು ಬೇರೇನೂ ಸಿಕ್ಕಿಲ್ಲ. ಸ್ಟೈಪೆಂಡ್ ಕಥೆಯೂ ಹಾಗೆಯೇ. ನಮ್ಮ ಸರ್ಕಾರಿ ಕಾಲೇಜುಗಳ ಇಂಟರ್ನ್‌ಗಳಿಗೆ 2020ರಲ್ಲಿ ತಿಂಗಳಿಗೆ 30 ಸಾವಿರ ನಿಗದಿಯಾಯಿತು. ಖಾಸಗಿಯಲ್ಲಿ ಎಷ್ಟು ಕೊಡುತ್ತಾರೆ ಎಂಬುದು ಸೇರುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಖಾತೆಗೆ ಹಾಕಿ ಬೇರೆ ಹೆಸರಿನಲ್ಲಿ ಹಿಂದಕ್ಕೆ ಪಡೆಯುತ್ತಾರೆಂಬ ದೂರುಗಳನ್ನು ನೀವೂ ಕೇಳಿರುತ್ತೀರಿ. ಸಾಲ ಹೊತ್ತ ಮನೆಗೆ 12 ತಿಂಗಳ 30 ಸಾವಿರವೆಂದರೆ 3.6 ಲಕ್ಷ. ಕಾಲೇಜು ಆರಿಸುವಾಗ ನೋಡಲೇಬೇಕಾದ ಅಂಕಿ ಅದು.

ಮರೆಯಲ್ಲಿ ದುಡ್ಡು ಕೇಳುವ ಈ ರೋಗ ಹಳೆಯದು, ಸಚಿವರೆ, ಮತ್ತು ಇದರ ಇತಿಹಾಸದಲ್ಲಿ ನಮ್ಮ ರಾಜ್ಯದ ಹೆಸರೇ ಮುಂದಿದೆ. ಸೀಟಿಗಾಗಿ ನಿಗದಿತ ಶುಲ್ಕದ ಮೇಲೆ ಪಡೆಯುವ ದುಡ್ಡನ್ನು, ಅಂದರೆ ಕ್ಯಾಪಿಟೇಷನ್ ಶುಲ್ಕವನ್ನು, ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ಮಾಡಿತು. ಹಾಗಿದ್ದೂ 1991ರಲ್ಲಿ ತುಮಕೂರಿನಲ್ಲಿ ಓದಲು ಬಯಸಿದ ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿಗೆ ಖಾಸಗಿ ಕಾಲೇಜೊಂದು ಮೊದಲ ವರ್ಷಕ್ಕೆ 60 ಸಾವಿರ ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಲು ಹೇಳಿತು. ಅದರ ಮೇಲೆ ನಾಲ್ಕೂವರೆ ಲಕ್ಷ ಕೇಳಿದರೆಂಬುದು ಆಕೆಯ ಆರೋಪ. ಆಡಳಿತ ಮಂಡಳಿ ಅದನ್ನು ಅಲ್ಲಗಳೆಯಿತು. ಸರ್ಕಾರಿ ಸೀಟಿಗೆ ಆಗ ವರ್ಷಕ್ಕೆ 2 ಸಾವಿರ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1992ರಲ್ಲಿ ಸುಪ್ರೀಂ ಕೋರ್ಟ್ ಆ ಮೊಕದ್ದಮೆಯಲ್ಲಿ ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. 2003ರಲ್ಲಿ ಇಸ್ಲಾಮಿಕ್ ಅಕಾಡೆಮಿ ಪ್ರಕರಣದ ತೀರ್ಪು ಬಂತು. ಅದರಲ್ಲೂ ಪ್ರತಿವಾದಿ ಕರ್ನಾಟಕ ಸರ್ಕಾರವೇ. ಒಂದು ವರ್ಷಕ್ಕೆ ಅಥವಾ ಒಂದು ಸೆಮಿಸ್ಟರಿಗೆ ಮಾತ್ರ ಶುಲ್ಕ ಪಡೆಯಬೇಕು, ವಿದ್ಯಾರ್ಥಿ ನಡುವೆ ಬಿಟ್ಟು ಹೋಗಬಹುದೆಂಬ ಭಯವಿದ್ದರೆ ಹೆಚ್ಚೆಂದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಎಂದು ಕೋರ್ಟು ಮಿತಿ ಹಾಕಿತು. ಈಗ ಕೆಲವು ಕಡೆ ಮುಂದಿನ ವರ್ಷಗಳ ಚೆಕ್ಕುಗಳನ್ನು ಮುಂಗಡವಾಗಿ ಸಹಿ ಮಾಡಿಸಿ ಇಟ್ಟುಕೊಳ್ಳುತ್ತಾರೆ. ಖಾತೆಯಲ್ಲಿ ದುಡ್ಡಿಲ್ಲದೆ ಆ ಚೆಕ್ಕು ವಾಪಸಾದರೆ ಕ್ರಿಮಿನಲ್ ಮೊಕದ್ದಮೆ ಹೂಡಬಹುದೆಂಬುದು ಸಹಿ ಹಾಕುವ ರೈತನಿಗೆ ಗೊತ್ತಿರುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಗೊತ್ತಿದೆ, ಹಾಗಾಗಿ ಹೆದರಿಕೆಯಾಗುತ್ತದೆ.

ಶುಲ್ಕದಂತೆ ಸೀಟಿನ ಜೊತೆಗೇ ಬರುವ ಇನ್ನೊಂದು ಕರಾರು ಗ್ರಾಮೀಣ ಸೇವೆ. ಅದರ ಬಗ್ಗೆ ನನ್ನ ನಿಲುವು ಸ್ಪಷ್ಟ. ಸರ್ಕಾರದ ದುಡ್ಡಿನಲ್ಲಿ ಓದಿದ ವೈದ್ಯರು ಒಂದು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಲೇಬೇಕು. ಮಳೆಗಾಲದಲ್ಲಿ ಹಾವು ಕಚ್ಚಿದವರನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೋಗುವ ಊರುಗಳು ನಮ್ಮವು, ವೈದ್ಯರ ಬೆಲೆ ನಮಗೆ ಗೊತ್ತು. 2012ರ ಕಡ್ಡಾಯ ಸೇವಾ ಕಾಯ್ದೆಯನ್ನು ಹೈಕೋರ್ಟು 2019ರಲ್ಲಿ ಎತ್ತಿಹಿಡಿದದ್ದು ಸರಿಯೆಂದೇ ನನ್ನ ಭಾವನೆ. ಆದರೆ ತಪ್ಪಿದರೆ 15 ಲಕ್ಷದಿಂದ 30 ಲಕ್ಷದವರೆಗೆ ದಂಡ ಎಂಬ ಮಾತು ಸೀಟು ಆರಿಸುವ ಪುಟದಲ್ಲಿ ಏಕಿಲ್ಲ? 2023ರಲ್ಲಿ ತಿದ್ದುಪಡಿ ತಂದು, ಖಾಲಿ ಹುದ್ದೆ ಇದ್ದಷ್ಟು ಮಂದಿಗೆ ಮಾತ್ರ ಸೇವೆ ಎಂದು ಮಾಡಿದಿರಿ. ಹಾಗಾದರೆ ಯಾರು ಹೋಗಬೇಕು, ಯಾರು ಹೋಗಬೇಕಾಗಿಲ್ಲ, ಯಾವಾಗ ತಿಳಿಯುತ್ತದೆ? ಸೇವೆ ಮಾಡಲು ಸಿದ್ಧರಿರುವ ಮಕ್ಕಳೂ ಈ ಅನಿಶ್ಚಿತತೆಯಲ್ಲಿ ಬ್ಯಾಂಕಿಗೆ ಕಂತಿನ ದಿನಾಂಕ ಹೇಳಲಾಗದೆ ಒದ್ದಾಡುತ್ತಾರೆ. ಕರಾರು ಕಠಿಣವಾಗಿದ್ದರೂ ಮೊದಲೇ ಗೊತ್ತಿದ್ದರೆ ಮನೆಯವರು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ.

ಸೇರಿದ ಮೇಲೆ ಬಿಡುವುದಕ್ಕೂ ದುಡ್ಡು ಬೇಕು. ಕೌನ್ಸೆಲಿಂಗ್ ಸುತ್ತು ಮುಂದೆ ಹೋದಂತೆ ದಂಡ ಏರುತ್ತದೆ, ಕಾಲೇಜಿನವರು ಪೂರ್ತಿ ಕೋರ್ಸಿನ ಶುಲ್ಕ ಕಟ್ಟಿ ಹೋಗಿ ಎನ್ನುತ್ತಾರೆ, ಮೂಲ ಅಂಕಪಟ್ಟಿ ಅವರ ಕಪಾಟಿನಲ್ಲಿರುತ್ತದೆ. ಮೂಲ ದಾಖಲೆ ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಹೇಳಿದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ರಾಜ್ಯಗಳಿಗೆ ಪತ್ರ ಬರೆದು, ಸೀಟು ಬಿಡುವ ಬಾಂಡ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಹಾಳುಮಾಡುತ್ತಿದೆ, ಅದನ್ನು ಕೈಬಿಡಿ ಎಂದು ಕೋರಿತು. ಓದು ಒಗ್ಗದೆ, ಖಿನ್ನತೆಗೆ ಬಿದ್ದು, ಮನೆಗೆ ಹೋಗುತ್ತೇನೆಂದು ಅಳುವ ಹುಡುಗನನ್ನು ಲಕ್ಷಾಂತರ ರೂಪಾಯಿಯ ಬಾಂಡ್ ತೋರಿಸಿ ಹಾಸ್ಟೆಲಿನ ಕೋಣೆಯಲ್ಲಿ ಉಳಿಸಿದರೆ ಏನಾಗಬಹುದು ಎಂದು ಯೋಚಿಸಿ. ಈ ಬಾಂಡ್ ನಿಯಮ ನಿಮ್ಮ ಸಹಿಯಿಂದ ಬದಲಾಗಬಲ್ಲ ಸಂಗತಿ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. 2025ರಲ್ಲಿ ಸುಪ್ರೀಂ ಕೋರ್ಟ್, ಪಿಜಿ ಸೀಟುಗಳನ್ನು ಹಿಡಿದಿಟ್ಟುಕೊಳ್ಳುವ ದಂಧೆಯ ವಿಚಾರದಲ್ಲಿ ತೀರ್ಪು ಕೊಡುತ್ತ, ಖಾಸಗಿ ಮತ್ತು ಡೀಮ್ಡ್ ಸಂಸ್ಥೆಗಳು ಬೋಧನಾ ಶುಲ್ಕ, ಹಾಸ್ಟೆಲ್, ಕಾಷನ್ ಡೆಪಾಸಿಟ್, ಇತರೆ ಶುಲ್ಕ ಎಲ್ಲವನ್ನೂ ಕೌನ್ಸೆಲಿಂಗ್‌ಗೆ ಮೊದಲೇ ಬಿಡಿಸಿ ಪ್ರಕಟಿಸಬೇಕೆಂದು ಆದೇಶಿಸಿತು. 2019ರ ವೈದ್ಯಕೀಯ ಆಯೋಗ ಕಾಯ್ದೆಯೂ ಅರ್ಧದಷ್ಟು ಖಾಸಗಿ ಸೀಟುಗಳ ವಿಷಯದಲ್ಲಿ ಶುಲ್ಕದ ಜೊತೆಗೆ ಇತರ ಎಲ್ಲ ಶುಲ್ಕಗಳಿಗೂ ಮಾರ್ಗಸೂಚಿ ಮಾಡುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿದೆ. ಪಿಜಿಗೆ ಹೇಳಿದ್ದನ್ನು ಎಂಬಿಬಿಎಸ್‌ಗೂ ಜಾರಿ ಮಾಡಲು ಕೋರ್ಟಿನ ಇನ್ನೊಂದು ಆದೇಶಕ್ಕೆ ಕಾಯಬೇಕೆ? ನಮ್ಮ ರಾಜ್ಯದಲ್ಲಿ ಖಾಸಗಿ ಕಾಲೇಜುಗಳ ಜೊತೆ ಸರ್ಕಾರ ಶುಲ್ಕದ ಒಪ್ಪಂದ ಮಾಡಿಕೊಳ್ಳುತ್ತದೆ. ಆ ಒಪ್ಪಂದದಲ್ಲೇ ಒಂದು ಷರತ್ತು ಸೇರಿಸಿ: ಆಪ್ಷನ್ ಎಂಟ್ರಿಗೆ ಮೊದಲು ಲಿಖಿತವಾಗಿ ಘೋಷಿಸದ ಒಂದು ರೂಪಾಯಿಯನ್ನೂ ಕೋರ್ಸು ಮುಗಿಯುವವರೆಗೆ ಕಾಲೇಜು ವಸೂಲಿ ಮಾಡುವಂತಿಲ್ಲ. ಹಾಸ್ಟೆಲ್ ಕಡ್ಡಾಯವೋ ಅಲ್ಲವೋ, ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು, ಎಷ್ಟು ವರ್ಷಕ್ಕೆ ವಸೂಲಿ, ಸ್ಟೈಪೆಂಡ್ ಎಷ್ಟು, ಡೆಪಾಸಿಟ್ ಯಾವಾಗ ವಾಪಸು, ಸೇವಾ ಕರಾರು ಏನು, ಬಿಟ್ಟರೆ ದಂಡ ಎಷ್ಟು, ಇಷ್ಟೂ ಕಾಲೇಜಿನ ಹೆಸರಿನ ಪಕ್ಕದಲ್ಲೇ ಕನ್ನಡದಲ್ಲಿ ಕಾಣಬೇಕು. ಜೊತೆಗೆ ಕಾಲೇಜಿನ ಆಸ್ಪತ್ರೆಗೆ ದಿನಕ್ಕೆ ಬರುವ ರೋಗಿಗಳ ಸಂಖ್ಯೆಯನ್ನೂ ಹಾಕಿಸಿದರೆ ಇನ್ನೂ ಒಳ್ಳೆಯದು. ಖಾಲಿ ಹಾಸಿಗೆಗಳ ಆಸ್ಪತ್ರೆಯಲ್ಲಿ ಕಡಿಮೆ ಶುಲ್ಕಕ್ಕೆ ಕಲಿತರೂ ಅದು ನಷ್ಟದ ಓದೇ.

ಪರೀಕ್ಷಾ ಪ್ರಾಧಿಕಾರ ಉನ್ನತ ಶಿಕ್ಷಣ ಇಲಾಖೆಯ ಅಡಿಯಲ್ಲಿದೆ, ನಿಮ್ಮ ಅಧೀನದಲ್ಲಿಲ್ಲ ಎಂಬುದು ನನಗೆ ಗೊತ್ತು. ಆದರೆ ವೈದ್ಯಕೀಯ ಕಾಲೇಜುಗಳಿಂದ ಈ ಮಾಹಿತಿ ತರಿಸಿಕೊಳ್ಳುವ ಅಧಿಕಾರ ನಿಮ್ಮ ಇಲಾಖೆಗಿದೆ, ಅದನ್ನು ಪ್ರಾಧಿಕಾರಕ್ಕೆ ಕಳಿಸಿದರೆ ಸಾಕು. ಆಡಳಿತ ಮಂಡಳಿಗಳು ಆಸ್ಪತ್ರೆ ನಡೆಸುವ ಖರ್ಚು ಹೇಳುತ್ತವೆ. ಬಡವರಿಗೆ ಕಡಿಮೆ ದರದಲ್ಲಿ ಚಿಕಿತ್ಸೆ ಕೊಡುವ ಒಳ್ಳೆಯ ಸಂಸ್ಥೆಗಳಿವೆ, ಅವುಗಳ ಖರ್ಚು ನಿಜವಾದದ್ದೇ. ಅಂಥ ಸಂಸ್ಥೆಗಳಿಗೆ ತಮ್ಮ ಲೆಕ್ಕ ತೋರಿಸಲು ಸಂಕೋಚವಾಗುವ ಕಾರಣ ಇಲ್ಲ. ದುಬಾರಿ ಕಾಲೇಜನ್ನು ಮುಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಶಕ್ತಿ ಇದ್ದವರು ಗೊತ್ತಿದ್ದೇ ಸೇರಲಿ, ಶಕ್ತಿ ಇಲ್ಲದವರು ಗೊತ್ತಿಲ್ಲದೆ ಸೇರಿ ಮನೆ ಕಳೆದುಕೊಳ್ಳದಿರಲಿ.

ಘೋಷಿಸದ ಶುಲ್ಕ ಕೇಳಿದರೆ ದೂರು ಕೊಡಲು ಪ್ರವೇಶದ ವಾರಗಳಲ್ಲಿ ಒಂದು ಸಹಾಯವಾಣಿ ಇರಲಿ. ಆ ದೂರು ಇತ್ಯರ್ಥವಾಗುವವರೆಗೆ ವಿದ್ಯಾರ್ಥಿಯ ಸೀಟು ಕೈತಪ್ಪದಂತೆ ಆದೇಶವಿರಲಿ. ಇದಿಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ಕಾಗದದಲ್ಲೇ ಉಳಿಯುತ್ತದೆ, ಏಕೆಂದರೆ ಸೀಟು ಹೋಗುವ ಭಯದಲ್ಲಿ ಯಾವ ತಂದೆಯೂ ದೂರು ಬರೆಯುವುದಿಲ್ಲ.

ಮುಂದಿನ ಕೌನ್ಸೆಲಿಂಗ್ ಪ್ರಕಟಣೆ ಹೊರಡುವ ಮೊದಲು ಈ ಬೇಡಿಕೆಗಳನ್ನು ಜಾರಿಗೆ ತರುವ ಸುತ್ತೋಲೆಗೆ ಸಹಿ ಮಾಡಿ. ಶಿಕ್ಷಣ ಸಾಲದ ಲೆಕ್ಕದ ವಿಷಯದಲ್ಲಿ ನಿಮ್ಮ ಅಧಿಕಾರಿಗಳಿಗೆ ನೆರವು ಬೇಕಿದ್ದರೆ ನನ್ನ ಅನುಭವವನ್ನು ಅವರ ಮುಂದೆ ಇಡಲು ನಾನು ಬೆಂಗಳೂರಿಗೆ ಬರಲು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ,
ಹಾವೇರಿ ಜಿಲ್ಲೆ